ಬಾಂಬು ಬಿಟ್ಟುಕೊಟ್ಟ ನಾಡಿನಲ್ಲಿ

ಆಗಸ್ಟ್ 25, ಅಲ್ಮಾಟಿ

ದೆಹಲಿಯಿಂದ ಅಲ್ಮಾಟಿಗೆ ವಿಮಾನದಲ್ಲಿ ಹೆಚ್ಚುಕಡಿಮೆ ನಾಲ್ಕು ಗಂಟೆ. ಹದಿನಾಲ್ಕು ದಿನದೊಳಗಿನ ಪ್ರವಾಸಕ್ಕೆ ನಮ್ಮವರಿಗೆ ವೀಸಾ ಬೇಕಿಲ್ಲ. ಹಾಗಾಗಿ ಈಗ ಕಜಕಿಸ್ತಾನಕ್ಕೆ ಬರುವ ಭಾರತೀಯರು ಜಾಸ್ತಿ. ಹಿಮದ ಬೆಟ್ಟ ನೋಡಿ, ಕೇಬಲ್ ಕಾರ್ ಹತ್ತಿ, ಸೇಬು ತಿಂದು ವಾರದೊಳಗೆ ವಾಪಸಾಗುತ್ತಾರೆ. ನನಗೆ ಬೇಕಿದ್ದ ಜಾಗ ಮಾತ್ರ ರೈಲಿನಲ್ಲಿ ಸಾವಿರ ಕಿಲೋಮೀಟರಿಗೂ ಆಚೆ, ಉತ್ತರಕ್ಕೆ.

ನಾನು ಗೌರಿಬಿದನೂರಿನಲ್ಲಿ ಬಹಳ ವರ್ಷ ಭೌತಶಾಸ್ತ್ರ ಪಾಠ ಮಾಡಿದವಳು. ಅಣ್ವಸ್ತ್ರ ಅಂದ ಕೂಡಲೇ ಮಕ್ಕಳು ಕೇಳುತ್ತಿದ್ದದ್ದು ಒಂದೇ ಪ್ರಶ್ನೆ: "ಮೇಡಂ, ಒಂದ್ಸಲ ಬಾಂಬು ಕೈಗೆ ಬಂದ ದೇಶ ಯಾವತ್ತಾದ್ರೂ ಅದನ್ನ ಬಿಟ್ಟುಕೊಡುತ್ತಾ?" ಕೊಟ್ಟಿದೆ. ಸೋವಿಯತ್ ಒಕ್ಕೂಟ ಒಡೆದಾಗ ಕಜಕಿಸ್ತಾನದ ನೆಲದಲ್ಲಿ 1,410 ಅಣು ಸಿಡಿತಲೆಗಳಿದ್ದವು. 104 ಖಂಡಾಂತರ ಕ್ಷಿಪಣಿಗಳಿದ್ದವು. ಜಗತ್ತಿನ ನಾಲ್ಕನೇ ದೊಡ್ಡ ಅಣ್ವಸ್ತ್ರ ದಾಸ್ತಾನು ಅದು. 1995ರ ಏಪ್ರಿಲ್ ಹೊತ್ತಿಗೆ ಒಂದೂ ಉಳಿದಿರಲಿಲ್ಲ. ಎಲ್ಲ ಸಿಡಿತಲೆಗಳೂ ರಷ್ಯಾಕ್ಕೆ ವಾಪಸಾದವು. ಅದು ಹೇಗೆ ಆಯಿತು, ಯಾರ ಕೈಯಿಂದ ಆಯಿತು ಅಂತ ನೋಡಿಕೊಂಡು ಹೋಗಲು ಬಂದಿದ್ದೇನೆ.

ಸಂಜೆ ನಗರದ ಮಧ್ಯದಲ್ಲಿರುವ ಲೇಖಕರ ಸಂಘದ ಕಟ್ಟಡದ ಮುಂದೆ ನಿಂತಿದ್ದೆ. ಮರಗಳ ನೆರಳು, ಮುಂದೆ ಬೆಂಚು, ಬೆಂಚಿನ ಮೇಲೆ ಫೋನ್ ನೋಡುತ್ತ ಕೂತ ಹುಡುಗರು. ಅಣು ಪರೀಕ್ಷೆ ವಿರೋಧಿ ಚಳವಳಿ ಹುಟ್ಟಿದ್ದು ಇಲ್ಲಿಂದಲೇ. 1989ರ ಫೆಬ್ರವರಿಯಲ್ಲಿ, ಸೋವಿಯತ್ ಒಕ್ಕೂಟ ಬಾಂಬು ಸಿಡಿಸಿ ನೋಡುತ್ತಿದ್ದ ಸೆಮಿಪಲಾಟಿನ್ಸ್ಕ್ ಪರೀಕ್ಷಾ ಕ್ಷೇತ್ರದಲ್ಲಿ ನೆಲದಡಿ ಸ್ಫೋಟ ನಡೆಯಿತು. ವಿಕಿರಣ ತುಂಬಿದ ಅನಿಲ ಮೇಲಕ್ಕೆ ಸೋರಿತು. ಸುದ್ದಿ ಕವಿ ಒಲ್ಜಾಸ್ ಸುಲೇಮೆನೊವ್ ಅವರ ಕಿವಿಗೆ ಬಿತ್ತು. ಫೆಬ್ರವರಿ 27ಕ್ಕೆ ದೂರದರ್ಶನದ ನೇರ ಪ್ರಸಾರದಲ್ಲಿ ಅವರು ಕವಿತೆ ಓದಬೇಕಿತ್ತು. ಕವಿತೆ ಪಕ್ಕಕ್ಕಿಟ್ಟು ಪರೀಕ್ಷೆ ನಿಲ್ಲಿಸಿ ಎಂಬ ಹೇಳಿಕೆ ಓದಿದರು. ನಾಳೆ ಬನ್ನಿ ಎಂದು ಜನರನ್ನು ಕರೆದರು. ಮರುದಿನ ಈ ಕಟ್ಟಡದಲ್ಲಿ ಸಾವಿರಾರು ಜನ ಸೇರಿದರು.

ಚಳವಳಿಗೆ ಅವರಿಟ್ಟ ಹೆಸರು 'ನೆವಾಡಾ-ಸೆಮಿಪಲಾಟಿನ್ಸ್ಕ್'. ಅಮೆರಿಕ ತನ್ನ ಬಾಂಬುಗಳನ್ನು ಸಿಡಿಸುತ್ತಿದ್ದದ್ದು ನೆವಾಡಾ ಮರಳುಗಾಡಿನಲ್ಲಿ. ಅಲ್ಲಿನ ಮೂಲನಿವಾಸಿ ಶೋಶೋನಿ ಜನರೂ ತಮ್ಮ ನೆಲಕ್ಕಾಗಿ ಹೋರಾಡುತ್ತಿದ್ದರು. ಎರಡು ಶತ್ರು ದೇಶಗಳ ಪರೀಕ್ಷಾ ಕ್ಷೇತ್ರದ ಜನ ಒಂದೇ ಹೆಸರಿನಡಿ ನಿಂತರು. ನನಗೆ ಈ ಕಥೆಯಲ್ಲಿ ಅತಿ ಇಷ್ಟವಾದದ್ದು ಇದೇ. ನಮ್ಮೂರಿನಲ್ಲಿ ಬೇಡ, ಬೇರೆ ಕಡೆ ಮಾಡಿಕೊಳ್ಳಿ ಅಂತ ಅವರು ಕೇಳಲಿಲ್ಲ. ಎಲ್ಲೂ ಬೇಡ ಅಂದರು. ಆ ವರ್ಷ ಸೆಮಿಪಲಾಟಿನ್ಸ್ಕ್‌ನಲ್ಲಿ 18 ಪರೀಕ್ಷೆ ನಡೆಯಬೇಕಿತ್ತು. 7 ನಡೆದವು, ಉಳಿದ 11 ರದ್ದಾದವು. 1989ರ ಅಕ್ಟೋಬರ್ 19ರದ್ದೇ ಕೊನೆಯ ಸ್ಫೋಟ.

ಆಗಸ್ಟ್ 26, ರೈಲಿನಲ್ಲಿ

ಅಲ್ಮಾಟಿ ಬಿಟ್ಟ ಮೇಲೆ ಬೆಟ್ಟಗಳು ಹಿಂದೆ ಸರಿದವು. ಆಮೇಲೆ ಬರೀ ಹುಲ್ಲುಗಾವಲು. ಮರವಿಲ್ಲ, ಊರಿಲ್ಲ, ಗಂಟೆಗಟ್ಟಲೆ ಬಯಲು. ಅಲ್ಲೊಂದು ಇಲ್ಲೊಂದು ಕುದುರೆ ಮಂದೆ.

ನನ್ನ ಎದುರಿನ ಬರ್ತ್‌ನಲ್ಲಿ ಒಬ್ಬ ಅಜ್ಜಿ, ಜತೆಗೆ ಕಾಲೇಜಿಗೆ ಹೋಗುವ ಮೊಮ್ಮಗಳು. ಮೊಮ್ಮಗಳಿಗೆ ಇಂಗ್ಲಿಷ್ ಬರುತ್ತಿತ್ತು. ಅಜ್ಜಿ ಬಿಸಿನೀರು ಹಿಡಿದು ತಂದು ಹಾಲು ಹಾಕಿ ಚಹಾ ಮಾಡಿದರು. ಕರಿದ ಹಿಟ್ಟಿನ ಬೌರ್ಸಾಕ್ ಕೊಟ್ಟರು. ನಾನು ಚಕ್ಕುಲಿ ಡಬ್ಬ ತೆಗೆದೆ. ಎಲ್ಲಿಗೆ ಹೊರಟಿದ್ದೀರಿ ಅಂತ ಕೇಳಿದರು. ಪಾಲಿಗನ್ ನೋಡಲು ಅಂದೆ. ಪರೀಕ್ಷಾ ಕ್ಷೇತ್ರಕ್ಕೆ ಇಲ್ಲಿ ಎಲ್ಲರೂ ಹಾಗೇ ಅನ್ನುತ್ತಾರೆ. ಅಜ್ಜಿ ಸ್ವಲ್ಪ ಹೊತ್ತು ಸುಮ್ಮನಿದ್ದು ಆಮೇಲೆ ಒಂದೇ ಸಮನೆ ಮಾತಾಡಿದರು. ಮೊಮ್ಮಗಳು ನಿಲ್ಲಿಸಿ ನಿಲ್ಲಿಸಿ ನನಗೆ ಹೇಳಿದಳು.

ಅಜ್ಜಿ ಹುಟ್ಟಿ ಬೆಳೆದದ್ದು ಕ್ಷೇತ್ರದ ಅಂಚಿನ ಹಳ್ಳಿಯಲ್ಲಿ. ಚಿಕ್ಕವರಿದ್ದಾಗ ಸೈನಿಕರು ಬಂದು ಮನೆಯಿಂದ ಹೊರಗೆ ಬನ್ನಿ, ಹಳ್ಳದಲ್ಲಿ ಮಲಗಿ, ತಲೆ ಎತ್ತಬೇಡಿ ಅನ್ನುತ್ತಿದ್ದರಂತೆ. ಮಕ್ಕಳು ತಲೆ ಎತ್ತದೇ ಇರುತ್ತಾರೆಯೇ? ಎತ್ತಿ ನೋಡಿದೆ ಅಂದರು. ಆಕಾಶದ ಬಣ್ಣ ಎರಡು ಮೂರು ಸಲ ಬದಲಾಯಿತು ಅಂದರು. ಆಮೇಲೆ ಸ್ಫೋಟಗಳು ನೆಲದಡಿಗೆ ಹೋದವು. ಆಗ ಕಪಾಟಿನ ಬಟ್ಟಲುಗಳು ಒಂದಕ್ಕೊಂದು ತಾಗಿ ಸದ್ದು ಮಾಡುತ್ತಿದ್ದವು, ಮೇಲಿನ ದೀಪ ತೂಗುತ್ತಿತ್ತು. ಅಜ್ಜಿ ಕೈಯಲ್ಲಿದ್ದ ಚಮಚದಿಂದ ಬಟ್ಟಲಿನ ಅಂಚು ಮುಟ್ಟಿ ಆ ಸದ್ದು ಮಾಡಿ ತೋರಿಸಿದರು. ಅವರ ಇಬ್ಬರು ತಮ್ಮಂದಿರೂ ನಲವತ್ತು ದಾಟುವ ಮೊದಲೇ ಹೋದರಂತೆ. ಇಬ್ಬರಿಗೂ ಕ್ಯಾನ್ಸರ್.

ಸ್ಫೋಟಗಳು ನೆಲದಡಿಗೆ ಹೋದದ್ದಕ್ಕೂ ಒಂದು ಒಪ್ಪಂದವೇ ಕಾರಣ. 1963ರ ಆಗಸ್ಟ್ 5ರಂದು ಅಮೆರಿಕ, ಸೋವಿಯತ್ ಒಕ್ಕೂಟ, ಬ್ರಿಟನ್ ಮಾಸ್ಕೊದಲ್ಲಿ ಸಹಿ ಹಾಕಿದವು. ಗಾಳಿಯಲ್ಲಿ, ನೀರಿನಲ್ಲಿ, ಬಾಹ್ಯಾಕಾಶದಲ್ಲಿ ಪರೀಕ್ಷೆ ಬೇಡ ಎಂದು ಒಪ್ಪಿಕೊಂಡವು. ನೆಲದಡಿಯ ಪರೀಕ್ಷೆಗೆ ಮಾತ್ರ ಬಾಗಿಲು ತೆರೆದೇ ಇಟ್ಟರು. ಯಾಕೆ? ನೆಲದಡಿ ಸಿಡಿಸಿದರೆ ದೂರದಿಂದ ಗುರುತಿಸುವುದು ಹೇಗೆ, ಅದು ಭೂಕಂಪವೋ ಬಾಂಬೋ ಅಂತ ಹೇಳುವುದು ಹೇಗೆ ಎಂಬ ಜಗಳ ಮುಗಿಯಲಿಲ್ಲ. ನಮ್ಮ ಮನೆಯೊಳಗೆ ಬಂದು ನೋಡಿ ಅಂತ ಹೇಳಲು ಯಾರೂ ತಯಾರಿರಲಿಲ್ಲ. ಆ ಒಂದು ತಕರಾರಿಗೆ ಇನ್ನೂ ಮೂರು ದಶಕದಷ್ಟು ಸ್ಫೋಟಗಳ ಬೆಲೆ ತೆರಬೇಕಾಯಿತು.

ಆಗಸ್ಟ್ 27, ಸೆಮೆಯ್

ಸೆಮಿಪಲಾಟಿನ್ಸ್ಕ್ ಊರಿನ ಈಗಿನ ಹೆಸರು ಸೆಮೆಯ್. ನಿಲ್ದಾಣಕ್ಕೆ ಬಂದವನು ಗಂಗಾವತಿ ಕಡೆಯ ಹುಡುಗ, ಇಲ್ಲಿ ಎಂಬಿಬಿಎಸ್ ಓದುತ್ತಿದ್ದಾನೆ. ಇಲ್ಲಿನ ವೈದ್ಯಕೀಯ ವಿಶ್ವವಿದ್ಯಾಲಯದಲ್ಲಿ ಭಾರತದ ವಿದ್ಯಾರ್ಥಿಗಳು ಬಹಳ. ನನ್ನ ಹಳೆಯ ವಿದ್ಯಾರ್ಥಿನಿಯೊಬ್ಬಳ ಮೂಲಕ ಪರಿಚಯ. ಚೀಲ ಕೈಯಿಂದ ಕಿತ್ತುಕೊಂಡು, "ಬರ್ರಿ ಮೇಡಂ, ಪ್ರಯಾಣ ಆರಾಮಾತೇನ್ರಿ?" ಅಂದ. ಇಷ್ಟು ದೂರ ಬಂದು ಆ ಮಾತು ಕೇಳಿದ್ದಕ್ಕೆ ಹಿತವಾಯಿತು.

ಊರಿನ ನಡುವೆ ಇರ್ತಿಶ್ ನದಿ. ಅದರ ಮೇಲೆ 750 ಮೀಟರ್ ಹರಹಿನ ತೂಗು ಸೇತುವೆ. ಜಪಾನಿನ ನೆರವಿನಿಂದ ಕಟ್ಟಿದ್ದು. 2000ದಲ್ಲಿ ತೆರೆದರು. ಹಿರೋಶಿಮಾ, ನಾಗಸಾಕಿಯ ವೈದ್ಯರು 1990ರ ದಶಕದಿಂದ ಇಲ್ಲಿಗೆ ಬರುತ್ತಿದ್ದಾರೆ. ಬಾಂಬು ಬಿದ್ದ ಊರಿನವರು ಬಾಂಬು ಪರೀಕ್ಷಿಸಿದ ಊರಿನವರ ಥೈರಾಯ್ಡ್ ನೋಡುತ್ತಾರೆ, ರಕ್ತ ಪರೀಕ್ಷೆಯ ಪಾಠ ಹೇಳಿಕೊಡುತ್ತಾರೆ.

ಮಧ್ಯಾಹ್ನ ಆ ಹುಡುಗ ಒಂದು ವಿಷಯ ಹೇಳಿದ. ಅವನ ಪ್ರೊಫೆಸರ್ ತರಗತಿಯಲ್ಲಿ ಹೇಳಿದ್ದಂತೆ. 1957ರಲ್ಲಿ ಇಲ್ಲಿ ಒಂದು ಚಿಕಿತ್ಸಾಲಯ ತೆರೆದರು. ಹೊರಗಿನ ಫಲಕದ ಪ್ರಕಾರ ಅದು ದನಕರುಗಳಿಂದ ಬರುವ ಬ್ರುಸೆಲ್ಲೋಸಿಸ್ ರೋಗದ ನಾಲ್ಕನೇ ನಂಬರಿನ ಚಿಕಿತ್ಸಾಲಯ. ಒಳಗೆ ಮಾಡುತ್ತಿದ್ದದ್ದು ವಿಕಿರಣ ತಗಲಿದ ಹಳ್ಳಿಗರ ಪರೀಕ್ಷೆ. ಬಂದವರನ್ನು ಅಳೆದರು, ಬರೆದಿಟ್ಟರು. ನಿಮಗೆ ಏನಾಗಿದೆ ಅಂತ ಅವರಿಗೆ ಹೇಳಲಿಲ್ಲ. "ಮೇಡಂ, ಡಾಕ್ಟರ್ ಆದವ್ರು ಪೇಷಂಟಿಗೆ ಸುಳ್ಳು ಹೇಳೂದಂದ್ರ ಹೆಂಗ್ರಿ?" ಅಂತ ಕೇಳಿದ. ಎರಡು ವರ್ಷದಲ್ಲಿ ಡಾಕ್ಟರ್ ಆಗುವ ಹುಡುಗ ಅದನ್ನು ಕೇಳಿದ್ದು ನನಗೆ ಸಮಾಧಾನ ತಂದಿತು.

ಇವತ್ತು ಅದೇ ಸಂಸ್ಥೆ ಬೇರೆ ಹೆಸರಿನಲ್ಲಿ ಬಹಿರಂಗವಾಗಿ ಕೆಲಸ ಮಾಡುತ್ತದೆ. 1992ರ ಕಾನೂನಿನ ಪ್ರಕಾರ ಸಂತ್ರಸ್ತರಿಗೆ ಒಂದು ಪುಟ್ಟ ಪ್ರಮಾಣಪತ್ರದ ಪುಸ್ತಕ ಕೊಡುತ್ತಾರೆ. ಪರೀಕ್ಷೆಗಳಿಂದ ತೊಂದರೆಗೊಳಗಾದವರು ಸುಮಾರು 15 ಲಕ್ಷ ಎಂದು ಕಜಕಿಸ್ತಾನ ಸರ್ಕಾರ ಹೇಳುತ್ತದೆ.

ಆಗಸ್ಟ್ 28, ಕುರ್ಚಾತೊವ್ ಮತ್ತು ಪಾಲಿಗನ್

ಬೆಳಗಿನ ಜಾವ ವ್ಯಾನಿನಲ್ಲಿ ಹೊರಟೆವು. ಕ್ಷೇತ್ರದೊಳಗೆ ಹೋಗಲು ರಾಷ್ಟ್ರೀಯ ಪರಮಾಣು ಕೇಂದ್ರದ ಅನುಮತಿ ಬೇಕು. ವಾರಗಳ ಮೊದಲೇ ಪಾಸ್‌ಪೋರ್ಟ್ ಪ್ರತಿ ಕಳಿಸಿದ್ದೆ.

ಕುರ್ಚಾತೊವ್ ಸೋವಿಯತ್ ಕಾಲದಲ್ಲಿ ನಕಾಶೆಯಲ್ಲಿ ಇಲ್ಲದ ಊರು. ಮಾಸ್ಕೊ-400, ಸೆಮಿಪಲಾಟಿನ್ಸ್ಕ್-21 ಅಂತ ಅಂಚೆಯ ಸಂಖ್ಯೆಗಳೇ ಅದರ ಹೆಸರು. ಹತ್ತಾರು ಸಾವಿರ ಜನರಿದ್ದ ಊರಿನಲ್ಲಿ ಈಗ ಸುಮಾರು ಹತ್ತು ಸಾವಿರ. ಕೆಲವು ಬೀದಿ ಚೊಕ್ಕಟವಾಗಿವೆ, ಮಕ್ಕಳು ಸೈಕಲ್ ಹೊಡೆಯುತ್ತಿದ್ದರು. ಇನ್ನು ಕೆಲವು ಬೀದಿಯಲ್ಲಿ ಕಿಟಕಿಯೇ ಇಲ್ಲದ ನಾಲ್ಕಂತಸ್ತಿನ ಕಟ್ಟಡಗಳು. ಸೋವಿಯತ್ ಬಾಂಬಿನ ಮುಖ್ಯ ವಿಜ್ಞಾನಿ ಇಗೊರ್ ಕುರ್ಚಾತೊವ್ ಅವರ ಪ್ರತಿಮೆ ಈಗಲೂ ನಿಂತಿದೆ.

ಮ್ಯೂಸಿಯಂನಲ್ಲಿ ನಿಯಂತ್ರಣ ಫಲಕ ಇದೆ. ಗುಂಡಿ, ಕೀಲಿ, ದೀಪಗಳು. ಪಕ್ಕದ ಕಪಾಟಿನಲ್ಲಿ ಗಾಜಿನ ಭರಣಿಗಳು. ಪರೀಕ್ಷೆಗೆ ಬಯಲಿನಲ್ಲಿ ಕಟ್ಟಿಹಾಕಿದ್ದ ಪ್ರಾಣಿಗಳ ಅಂಗಾಂಗ ಅವುಗಳಲ್ಲಿವೆ. ನಾಯಿ, ಕುರಿ, ಹಂದಿ, ಒಂಟೆ ಎಲ್ಲವನ್ನೂ ಬಾಂಬಿನಿಂದ ಇಂತಿಷ್ಟು ದೂರ ಅಂತ ಅಳೆದು ನಿಲ್ಲಿಸಿದ್ದರು. ಅಲ್ಲಿ ನಾನು ಹೆಚ್ಚು ಹೊತ್ತು ನಿಲ್ಲಲಾರದೆ ಹೊರಬಂದೆ.

ನಮಗೆ ದಾರಿ ತೋರಿಸಿದವರು ನಿವೃತ್ತ ಭೂಕಂಪ ವಿಜ್ಞಾನಿ. ಎಪ್ಪತ್ತು ದಾಟಿದವರು, ಸ್ವಚ್ಛ ಇಂಗ್ಲಿಷ್. ನಾನು ಗೌರಿಬಿದನೂರಿನವಳು ಅಂದ ಕೂಡಲೇ ನಿಂತುಬಿಟ್ಟರು. "ಜಿಬಿಎ! ಎಲ್ ಆಕಾರದ ಕೇಂದ್ರ!" ಅಂದರು. ಹೌದು, ಗೌರಿಬಿದನೂರಿನ ಭೂಕಂಪ ಕೇಂದ್ರದ ಚಿಕ್ಕ ಹೆಸರು ಅದೇ. ನಮ್ಮೂರಿನ ಹೊಲಗಳ ನಡುವೆ 20 ಭೂಕಂಪಮಾಪಕಗಳನ್ನು ಇಂಗ್ಲಿಷಿನ ಎಲ್ ಅಕ್ಷರದಂತೆ ಎರಡು ಸಾಲಿನಲ್ಲಿ ಹೂತಿಟ್ಟಿದ್ದಾರೆ. 1960ರ ದಶಕದಲ್ಲಿ ಬ್ರಿಟನ್ನಿನ ಸಹಕಾರದಿಂದ ನಮ್ಮ ಪರಮಾಣು ಇಲಾಖೆ ಮಾಡಿದ್ದು. ಇಂಥವೇ ಇನ್ನು ಮೂರು ಸ್ಕಾಟ್ಲೆಂಡ್, ಕೆನಡಾ, ಆಸ್ಟ್ರೇಲಿಯಾಗಳಲ್ಲಿ. ದೂರದ ನೆಲದಡಿಯ ಸ್ಫೋಟ ಹಿಡಿಯುವುದೇ ಅವುಗಳ ಕೆಲಸ.

ನಕಾಶೆ ತೆಗೆದು ನೋಡಿ. ಗೌರಿಬಿದನೂರು ಪೂರ್ವ ರೇಖಾಂಶ 77 ಡಿಗ್ರಿ ದಾಟಿದ ಮೇಲೆ ಇದೆ. ಈ ಪಾಲಿಗನ್ 78ರ ಆಸುಪಾಸು. ನೆಟ್ಟಗೆ ಉತ್ತರಕ್ಕೆ ಸುಮಾರು ನಾಲ್ಕು ಸಾವಿರ ಕಿಲೋಮೀಟರ್. ಇಲ್ಲಿ ಬಾಂಬು ಸಿಡಿದರೆ ಅದರ ಅಲೆ ಹಿಮಾಲಯದ ಬುಡದಲ್ಲಿ ಹಾದು ಏಳು ನಿಮಿಷಕ್ಕೆಲ್ಲ ನಮ್ಮೂರಿಗೆ ಬರುತ್ತದೆ. ರೈಲಿನ ಅಜ್ಜಿಯ ಮನೆಯಲ್ಲಿ ಬಟ್ಟಲು ಅಲುಗಿಸಿದ ಅಲೆಗಳೇ ನಮ್ಮ ಕಾಲೇಜಿನ ನೆಲದಡಿಯಲ್ಲೂ ಹಾದುಹೋಗಿವೆ. ನಮಗೆ ಗೊತ್ತಾಗಲಿಲ್ಲ, ಉಪಕರಣಗಳಿಗೆ ಗೊತ್ತಾಯಿತು.

ವ್ಯಾನಿನಲ್ಲಿ ಕೂತ ಮೇಲೆ ಅವರು 1986ರ ಕಥೆ ಹೇಳಿದರು. ಇದನ್ನು ಸ್ವಲ್ಪ ವಿವರವಾಗಿಯೇ ಬರೆಯುತ್ತೇನೆ. ನಿಶ್ಶಸ್ತ್ರೀಕರಣದ ನಿಜವಾದ ಕೀಲಿ ಇಲ್ಲೇ ಇದೆ ಅಂತ ನನಗನ್ನಿಸಿದೆ.

ಸೋವಿಯತ್ ನಾಯಕ ಗೊರ್ಬಚೆವ್ 1985ರ ಆಗಸ್ಟ್ 6ರಿಂದ ಪರೀಕ್ಷೆಗಳನ್ನು ತಾವಾಗಿಯೇ ನಿಲ್ಲಿಸಿದ್ದರು. ಅಮೆರಿಕ ಸರ್ಕಾರ ನಂಬಲಿಲ್ಲ. ಕದ್ದು ಮಾಡಿದರೆ ಕಂಡುಹಿಡಿಯುವುದು ಹೇಗೆ ಎಂಬ ಅದೇ ಹಳೆಯ ಪ್ರಶ್ನೆ. ಆಗ ಅಮೆರಿಕದ ಎನ್‌ಆರ್‌ಡಿಸಿ ಎಂಬ ಖಾಸಗಿ ಪರಿಸರ ಸಂಸ್ಥೆ ಮತ್ತು ಸೋವಿಯತ್ ವಿಜ್ಞಾನ ಅಕಾಡೆಮಿ ಕೂಡಿ ಒಂದು ಒಪ್ಪಂದ ಮಾಡಿಕೊಂಡವು. ಆ ಕಡೆ ಥಾಮಸ್ ಕಾಕ್ರನ್, ಈ ಕಡೆ ಯೆವ್ಗೆನಿ ವೆಲಿಖೊವ್. ಎರಡು ಸರ್ಕಾರಗಳು ಮಾಡಲಾಗದ್ದನ್ನು ವಿಜ್ಞಾನಿಗಳು ಮಾಡಿದರು. 1986ರ ಜುಲೈನಲ್ಲಿ ಅಮೆರಿಕನ್ನರು ಪೆಟ್ಟಿಗೆ ಕಟ್ಟಿಕೊಂಡು ಕರ್ಕರಾಲಿನ್ಸ್ಕ್ ಎಂಬ ಊರಿಗೆ ಬಂದರು. ಈ ಕ್ಷೇತ್ರದಿಂದ ಅದು ಸುಮಾರು 200 ಕಿಲೋಮೀಟರ್. ತಮ್ಮ ಭೂಕಂಪಮಾಪಕಗಳನ್ನು ಸೋವಿಯತ್ ನೆಲದಲ್ಲಿ ಇಟ್ಟರು. ಎರಡೂ ಕಡೆಯವರು ಒಂದೇ ಡೇರೆಯಲ್ಲಿ ಕೂತು ಒಂದೇ ಕಾಗದದ ಮೇಲಿನ ಗೆರೆ ನೋಡಿದರು.

ಎರಡು ವರ್ಷ ಬಿಟ್ಟು ಸರ್ಕಾರಗಳೇ ಮುಂದೆ ಬಂದವು. 1988ರ ಆಗಸ್ಟ್ 17ರಂದು ಸೋವಿಯತ್ ತಂಡ ನೆವಾಡಾದಲ್ಲಿ ಅಮೆರಿಕದ ಸ್ಫೋಟ ಅಳೆಯಿತು. ಸೆಪ್ಟೆಂಬರ್ 14ರಂದು ಅಮೆರಿಕದ ತಂಡ ಇಲ್ಲಿ ಸೋವಿಯತ್ ಸ್ಫೋಟ ಅಳೆಯಿತು. ಬಾಂಬಿನ ಗುಂಡಿಯ ಪಕ್ಕದಲ್ಲಿ ಇನ್ನೊಂದು ಗುಂಡಿ ಕೊರೆದು ಉದ್ದದ ಕೇಬಲ್ ಇಳಿಸಿದರು. ಸ್ಫೋಟದ ಆಘಾತ ಆ ಕೇಬಲನ್ನು ಎಷ್ಟು ಬೇಗ ಜಜ್ಜುತ್ತಾ ಬರುತ್ತದೆ ಅಂತ ನೋಡಿದರೆ ಬಾಂಬಿನ ಬಲ ಗೊತ್ತಾಗುತ್ತದೆ. "ಅವರ ಲೆಕ್ಕ, ನಮ್ಮ ಲೆಕ್ಕ ಎರಡನ್ನೂ ಪಕ್ಕಪಕ್ಕ ಇಟ್ಟು ನೋಡಿದೆವು. ಅವತ್ತು ರಾತ್ರಿ ಒಟ್ಟಿಗೆ ಊಟ ಮಾಡಿದೆವು" ಅಂದರು ಆ ಹಿರಿಯರು.

ಮೊದಲು ನಂಬಿಕೆ ಬರಲಿ, ಆಮೇಲೆ ಒಪ್ಪಂದ ಅಂತ ನಾವು ಸಾಮಾನ್ಯವಾಗಿ ಹೇಳುತ್ತೇವೆ, ಅಲ್ವಾ? ಇಲ್ಲಿ ನಡೆದದ್ದು ಹಾಗಲ್ಲ. ನಂಬಿಕೆ ಇಲ್ಲದವರೇ ಮೊದಲು ಬಾಗಿಲು ತೆರೆದರು, ಅಳೆಯಲು ಬಿಟ್ಟರು. ನಂಬಿಕೆ ಆಮೇಲೆ ಬಂತು.

ಕುರ್ಚಾತೊವ್‌ನಿಂದ ಸುಮಾರು 60 ಕಿಲೋಮೀಟರ್ ಹೋದ ಮೇಲೆ ಪ್ರಯೋಗ ಬಯಲು. ಶೂ ಮೇಲೆ ಪ್ಲಾಸ್ಟಿಕ್ ಚೀಲ, ಮೂಗಿಗೆ ಮಾಸ್ಕ್ ಹಾಕಿಕೊಂಡೆವು. 1949ರ ಆಗಸ್ಟ್ 29ರ ಬೆಳಿಗ್ಗೆ 7 ಗಂಟೆಗೆ ಇಲ್ಲಿ ಮೊದಲ ಸೋವಿಯತ್ ಬಾಂಬು ಸಿಡಿಯಿತು. ಬಲ 22 ಕಿಲೋಟನ್, ಅಂದರೆ 22 ಸಾವಿರ ಟನ್ ಟಿಎನ್‌ಟಿ ಸಿಡಿಮದ್ದಿನಷ್ಟು. ಅಲ್ಲಿಂದ 1989ರವರೆಗೆ ಒಟ್ಟು 456 ಪರೀಕ್ಷೆ. ಅವುಗಳಲ್ಲಿ 116 ಗಾಳಿಯಲ್ಲಿ ಮತ್ತು ನೆಲದ ಮೇಲೆ.

ಉಪಕರಣ ಇಡಲು ಕಟ್ಟಿದ ಕಾಂಕ್ರೀಟ್ ಗೋಪುರಗಳು ಸಾಲಾಗಿ ನಿಂತಿವೆ. ಬಾಂಬಿನ ಕಡೆ ಮುಖ ಮಾಡಿದ ಬದಿಯಲ್ಲಿ ಕಾಂಕ್ರೀಟ್ ಕರಗಿ ಗುಳ್ಳೆ ಎದ್ದಿದೆ. ಹಿಂಬದಿ ನುಣ್ಣಗಿದೆ. ಕಾಲ ಹತ್ತಿರ ಕಪ್ಪು ಗಾಜಿನ ಚೂರುಗಳು, ಬೆಲ್ಲದ ಪಾಕ ನೆಲಕ್ಕೆ ಚೆಲ್ಲಿ ಗಟ್ಟಿಯಾದಂತೆ. ಮಣ್ಣೇ ಕರಗಿ ಹಾಗಾಗಿದ್ದು. ಬಾಂಬು ವಿಜ್ಞಾನಿ ಖರಿತೊನ್ ಅವರ ಹೆಸರಿನಲ್ಲಿ ಅವುಗಳನ್ನು 'ಖರಿತೊಂಚಿಕಿ' ಅನ್ನುತ್ತಾರೆ. "ಮುಟ್ಟಬೇಡಿ" ಅಂದರು. ನಡುವಿನ ಕುಳಿಯಲ್ಲಿ ನೀರು ನಿಂತು ಜೊಂಡು ಬೆಳೆದಿದೆ. ಅದರ ಕಡೆ ನಡೆದಂತೆ ವಿಕಿರಣ ಅಳೆಯುವ ಡೋಸಿಮೀಟರಿನ ಕಿಟಿಕಿಟಿ ಜೋರಾಯಿತು. ಊರಿನಲ್ಲಿ ತೋರಿಸಿದ್ದಕ್ಕಿಂತ ಹತ್ತಾರು ಪಟ್ಟು. ದಡದಿಂದ ದೂರದಲ್ಲೇ ನಿಲ್ಲಿಸಿದರು.

ಸುತ್ತಲೂ ಬೂದುಬಣ್ಣದ ಗಿಡ, ಗಾಳಿ ಬೀಸಿದರೆ ಕಟು ಪರಿಮಳ. ಕಜಕ್ ಜನ ಜುಸಾನ್ ಅನ್ನುವ ಈ ಗಿಡ ನಮ್ಮ ದವನದ ಕುಲಕ್ಕೇ ಸೇರಿದ್ದು. ಮಾಸ್ಕಿನೊಳಗೂ ಆ ವಾಸನೆ ಬಂತು.

ಹಿರಿಯರು ದಕ್ಷಿಣಕ್ಕೆ ಕೈ ತೋರಿಸಿ, ಆ ಕಡೆ ದೆಗೆಲೆನ್ ಬೆಟ್ಟ ಅಂದರು. ಅಲ್ಲಿಗೆ ನಮ್ಮಂಥವರನ್ನು ಬಿಡುವುದಿಲ್ಲ. ಬೆಟ್ಟದೊಳಗೆ 181 ಸುರಂಗ ಕೊರೆದು ನೂರಾರು ಸ್ಫೋಟ ನಡೆಸಿದ್ದರು. ಕೆಲವು ಪರೀಕ್ಷೆಗಳಲ್ಲಿ ಬಾಂಬಿನ ಇಂಧನವಾದ ಪ್ಲುಟೋನಿಯಂ ಪೂರ್ತಿ ಉರಿಯಲಿಲ್ಲ. ಒಳಗೇ ಉಳಿಯಿತು. ಒಕ್ಕೂಟ ಒಡೆದು ಸೈನ್ಯ ಹೋಯಿತು. ಕೆಲಸ ಕಳೆದುಕೊಂಡ ಜನ ತಾಮ್ರದ ತಂತಿ, ಕಬ್ಬಿಣದ ಹಳಿ ಕಿತ್ತು ಮಾರಲು ಅದೇ ಸುರಂಗಗಳಿಗೆ ನುಗ್ಗಿದರು. ಹೊಟ್ಟೆಪಾಡು. ಅವರನ್ನು ಬೈಯಲು ನನಗೆ ಮನಸ್ಸಿಲ್ಲ.

ಎಲ್ಲಿ ಎಷ್ಟು ಪ್ಲುಟೋನಿಯಂ ಉಳಿದಿದೆ ಎಂಬ ಮಾಹಿತಿ ರಷ್ಯಾದ ಹತ್ತಿರ ಇತ್ತು. ಹಣ ಅಮೆರಿಕದ ಹತ್ತಿರ ಇತ್ತು. ನೆಲ ಮತ್ತು ಕೆಲಸದ ಕೈಗಳು ಕಜಕಿಸ್ತಾನದವು. ಒಬ್ಬರಿಗೊಬ್ಬರು ಹೇಳಿಕೊಳ್ಳಲು ಮೂವರಿಗೂ ಹಿಂಜರಿಕೆ. ಅಮೆರಿಕದ ಲಾಸ್ ಅಲಮೋಸ್ ಅಣ್ವಸ್ತ್ರ ಪ್ರಯೋಗಾಲಯದ ನಿರ್ದೇಶಕರಾಗಿದ್ದ ಸೀಗ್‌ಫ್ರೀಡ್ ಹೆಕರ್, ತಮ್ಮ ಪರಿಚಯದ ರಷ್ಯನ್ ವಿಜ್ಞಾನಿಗಳ ಜತೆ ಮಾತಾಡಿ ಮಾತಾಡಿ ದಾರಿ ಮಾಡಿದರು. ಸುರಂಗಗಳಿಗೆ ಕಾಂಕ್ರೀಟ್ ತುಂಬಿ ಮುಚ್ಚಿದರು. ಕೆಲಸ 17 ವರ್ಷ ಹಿಡಿಯಿತು, ಖರ್ಚು 15 ಕೋಟಿ ಡಾಲರ್. 2012ರಲ್ಲಿ ಮುಗಿದಾಗ ಮೂರು ಮುಖದ ಒಂದು ಕಲ್ಲು ನಿಲ್ಲಿಸಿದರು. '1996–2012. ಜಗತ್ತು ಇನ್ನಷ್ಟು ಸುರಕ್ಷಿತವಾಗಿದೆ' ಎಂದು ಮೂರು ಭಾಷೆಯಲ್ಲಿ ಬರೆದಿದೆಯಂತೆ. ಅದಕ್ಕೆ ದೊಡ್ಡ ಸಮಾರಂಭ ಆಗಲಿಲ್ಲ, ಪತ್ರಿಕೆಗಳಲ್ಲೂ ಜಾಸ್ತಿ ಬರಲಿಲ್ಲ. ಬಾಂಬು ಸಿಡಿಸಿದ ದಿನ ಎಲ್ಲರಿಗೂ ಗೊತ್ತು. ಅದರ ಪಳೆಯುಳಿಕೆ ಮುಚ್ಚಿದವರ ಹೆಸರು ಯಾರಿಗೂ ಗೊತ್ತಿಲ್ಲ. ಇದು ಸರಿಯಲ್ಲ.

ವಾಪಸು ಬರುವಾಗ ಮನಸ್ಸಿನಲ್ಲಿದ್ದ ಪ್ರಶ್ನೆ ಕೇಳಿಬಿಟ್ಟೆ. ಉಕ್ರೇನ್ ಕೂಡ, ನಿಮ್ಮ ಗಡಿ ಗೌರವಿಸುತ್ತೇವೆ ಎಂದು ರಷ್ಯಾ, ಅಮೆರಿಕ, ಬ್ರಿಟನ್ 1994ರಲ್ಲಿ ಬುಡಾಪೆಸ್ಟ್‌ನಲ್ಲಿ ಕೊಟ್ಟ ಭರವಸೆ ನಂಬಿ ಸಿಡಿತಲೆ ಕೊಟ್ಟಿತ್ತು. ಅದರ ಗತಿ ನೋಡಿದ ಮೇಲೆ, ನಾವೂ ಕೊಡಬಾರದಿತ್ತು ಅಂತ ಇಲ್ಲಿನವರಿಗೆ ಅನ್ನಿಸುವುದಿಲ್ಲವೇ? ಅವರು ಯೋಚಿಸಿ ಹೇಳಿದರು. "ಭರವಸೆ ಮುರಿದದ್ದು ದೊಡ್ಡ ಅನ್ಯಾಯ. ಆದರೆ ಬಾಂಬಿನ ಕೀಲಿ ನಮ್ಮ ಹತ್ತಿರ ಯಾವತ್ತೂ ಇರಲಿಲ್ಲ, ಮಾಸ್ಕೊದಲ್ಲಿತ್ತು. ಇಟ್ಟುಕೊಂಡಿದ್ದರೆ ಸಂಬಳ ಕೊಡಲೂ ಹಣವಿಲ್ಲದ ದೇಶ ಸಾವಿರಕ್ಕೂ ಹೆಚ್ಚು ಸಿಡಿತಲೆ ಕಾಯಬೇಕಿತ್ತು. ಸುರಂಗದ ತಂತಿಯನ್ನೇ ಕಾಯಲಾಗಲಿಲ್ಲ ನಮಗೆ." ಭರವಸೆ ಕೊಟ್ಟವರನ್ನು ಹೊಣೆ ಮಾಡುವ ವ್ಯವಸ್ಥೆ ಇನ್ನೂ ಗಟ್ಟಿಯಾಗಬೇಕು. ಅದಕ್ಕಾಗಿ ಎಲ್ಲರೂ ಬಾಂಬು ಮಾಡಿಕೊಳ್ಳಬೇಕು ಎಂಬ ವಾದ ಈ ಬಯಲು ನೋಡಿದ ಮೇಲೆ ನನಗೆ ಒಪ್ಪಿಗೆಯಾಗದು.

ಆಗಸ್ಟ್ 29, ಸೆಮೆಯ್

ಇವತ್ತಿನ ತಾರೀಖಿಗೆ ಇಲ್ಲಿ ಎರಡು ನೆನಪು. 1949ರ ಮೊದಲ ಸ್ಫೋಟ, 1991ರಲ್ಲಿ ಕ್ಷೇತ್ರ ಮುಚ್ಚಿದ ಆದೇಶ. 2009ರಲ್ಲಿ ವಿಶ್ವಸಂಸ್ಥೆ ಇದೇ ದಿನವನ್ನು ಅಣು ಪರೀಕ್ಷೆ ವಿರೋಧಿ ದಿನ ಅಂತ ಘೋಷಿಸಿತು.

ನದಿಯ ದ್ವೀಪದಲ್ಲಿ 'ಸಾವಿಗಿಂತ ಬಲಶಾಲಿ' ಎಂಬ ಸ್ಮಾರಕ ಇದೆ. ಎತ್ತರದ ಕಪ್ಪು ಕಲ್ಲಿನಲ್ಲಿ ಅಣಬೆ ಮೋಡದ ಆಕಾರ. ಅದರ ಕೆಳಗೆ ತಾಯಿಯೊಬ್ಬಳು ಮಗುವನ್ನು ಮೈಯಿಂದ ಮುಚ್ಚಿ ಬಾಗಿದ್ದಾಳೆ. ಬೆಳಿಗ್ಗೆಯಿಂದ ಜನ ಹೂ ತಂದಿಡುತ್ತಿದ್ದರು. ಶಾಲೆಯ ಮಕ್ಕಳು, ಪದಕ ಹಾಕಿಕೊಂಡ ಮುದುಕರು, ಕೈಯಲ್ಲಿ ಆ ಪ್ರಮಾಣಪತ್ರದ ಪುಸ್ತಕ ಹಿಡಿದ ಹೆಂಗಸರು. ಗಂಗಾವತಿ ಹುಡುಗ ಮತ್ತವನ ಗೆಳೆಯರೂ ಗುಲಾಬಿ ತಂದಿದ್ದರು.

ಇದೇ ಊರಿನಲ್ಲಿ 2006ರ ಸೆಪ್ಟೆಂಬರ್ 8ರಂದು ಮಧ್ಯ ಏಷ್ಯಾದ ಐದು ದೇಶಗಳು ಸಹಿ ಹಾಕಿದವು. ಕಜಕಿಸ್ತಾನ, ಕಿರ್ಗಿಸ್ತಾನ, ತಜಿಕಿಸ್ತಾನ, ತುರ್ಕಮೆನಿಸ್ತಾನ, ಉಜ್ಬೇಕಿಸ್ತಾನ. ನಮ್ಮ ನೆಲದಲ್ಲಿ ಅಣ್ವಸ್ತ್ರ ಮಾಡುವುದಿಲ್ಲ, ಇಡುವುದಿಲ್ಲ, ಪರೀಕ್ಷಿಸುವುದಿಲ್ಲ ಎಂದು. 2009ರಿಂದ ಅದು ಜಾರಿಯಲ್ಲಿದೆ. ಒಂದು ಕಡೆ ರಷ್ಯಾ, ಇನ್ನೊಂದು ಕಡೆ ಚೀನಾ ಇಟ್ಟುಕೊಂಡು ಈ ಮಾತು ಹೇಳಲು ಧೈರ್ಯ ಬೇಕು.

ಆದರೆ ದೊಡ್ಡ ಒಪ್ಪಂದ ಇನ್ನೂ ಅರ್ಧದಾರಿಯಲ್ಲಿದೆ. ಎಲ್ಲ ಬಗೆಯ ಪರೀಕ್ಷೆ ನಿಷೇಧಿಸುವ ಸಿಟಿಬಿಟಿ 1996ರ ಸೆಪ್ಟೆಂಬರ್ 24ರಂದು ಸಹಿಗೆ ತೆರೆಯಿತು. 180ಕ್ಕೂ ಹೆಚ್ಚು ದೇಶ ಸಹಿ ಹಾಕಿವೆ. ಜಾರಿಗೆ ಬರಬೇಕಾದರೆ ಹೆಸರಿಸಿದ 44 ದೇಶಗಳೂ ಒಪ್ಪಬೇಕು. ಭಾರತ, ಪಾಕಿಸ್ತಾನ, ಉತ್ತರ ಕೊರಿಯಾ ಸಹಿಯನ್ನೇ ಹಾಕಿಲ್ಲ. ಅಮೆರಿಕ, ಚೀನಾ ಸಹಿ ಹಾಕಿ ಅನುಮೋದಿಸಲಿಲ್ಲ. ರಷ್ಯಾ 2023ರಲ್ಲಿ ತನ್ನ ಅನುಮೋದನೆ ಹಿಂದಕ್ಕೆ ಪಡೆಯಿತು.

ಹಾಗಂತ ಅದು ಸತ್ತ ಒಪ್ಪಂದ ಅಲ್ಲ. ಅದರ ಕಾವಲು ಜಾಲದಲ್ಲಿ 337 ಕೇಂದ್ರಗಳ ಯೋಜನೆ, ಬಹುಪಾಲು ಈಗಾಗಲೇ ಕೆಲಸ ಮಾಡುತ್ತಿವೆ. ನಿನ್ನೆ ನೋಡಿದ ಕುರ್ಚಾತೊವ್‌ನಲ್ಲೂ ಒಂದಿದೆ. ಬಾಂಬು ಸಿಡಿಸಿದ ಊರೇ ಈಗ ಬಾಂಬಿನ ಸದ್ದಿಗೆ ಕಿವಿಗೊಟ್ಟು ಕೂತಿದೆ. 2006ರಿಂದ 2017ರವರೆಗೆ ಉತ್ತರ ಕೊರಿಯಾ ಮಾಡಿದ ಆರೂ ಪರೀಕ್ಷೆಗಳನ್ನು ಆ ಜಾಲ ಹಿಡಿಯಿತು. ಈ ಶತಮಾನದಲ್ಲಿ ಬೇರೆ ಯಾವ ದೇಶದ ಸ್ಫೋಟವೂ ಅದರಲ್ಲಿ ದಾಖಲಾಗಿಲ್ಲ. 1963ರಲ್ಲಿ ಅಡ್ಡ ಬಂದ ಪ್ರಶ್ನೆಗೆ ಉತ್ತರ ಸಿಕ್ಕಿದೆ. ಈಗ ಉಳಿದಿರುವುದು ಮನಸ್ಸು ಮಾಡುವುದು.

ಆಗಸ್ಟ್ 30, ಒಸ್ಕೆಮೆನ್

ಬಸ್ಸಿನಲ್ಲಿ ಪೂರ್ವಕ್ಕೆ. ದಾರಿಯುದ್ದಕ್ಕೂ ಸೂರ್ಯಕಾಂತಿ ಹೊಲ. ಒಸ್ಕೆಮೆನ್ ಕಾರ್ಖಾನೆಗಳ ಊರು. ಇಲ್ಲಿನ ಉಲ್ಬಾ ಲೋಹ ಕಾರ್ಖಾನೆಯ ಒಳಗೆ ಪ್ರವಾಸಿಗರಿಗೆ ಪ್ರವೇಶವಿಲ್ಲ. ರಸ್ತೆಯ ಈಚೆ ನಿಂತು ಗೋಡೆ ನೋಡಿದೆ, ಅಷ್ಟೇ. ಆದರೂ ಬರಲೇಬೇಕಿತ್ತು.

ಈ ಗೋಡೆಯೊಳಗಿನ ಒಂದು ಉಗ್ರಾಣದಲ್ಲಿ ಬಾಂಬಿಗೆ ಬೇಕಾದಷ್ಟು ಸಮೃದ್ಧವಾದ, ಅಂದರೆ ಸಿಡಿಯಬಲ್ಲ ಯು-235ರ ಪಾಲು ಹೆಚ್ಚಿಸಿದ ಯುರೇನಿಯಂ ಸುಮಾರು 600 ಕಿಲೋ ಉಳಿದಿತ್ತು. ಸೋವಿಯತ್ ಜಲಾಂತರ್ಗಾಮಿಗಳ ಇಂಧನಕ್ಕೆಂದು ತಂದದ್ದು. ಎರಡು ಡಜನ್ ಬಾಂಬಿಗೆ ಸಾಕು. ಕಾವಲು ಅಂದರೆ ಬಾಗಿಲಿಗೆ ಒಂದು ಬೀಗ. ಅಮೆರಿಕದ ರಾಯಭಾರ ಕಚೇರಿಯ ಆಂಡಿ ವೆಬರ್ ಕೈಗೆ ಒಂದು ದಿನ ಸಣ್ಣ ಚೀಟಿ ಬಂತು. ಯು-235, ಶೇ 90, 600 ಕಿಲೋ ಅಂತ ಅದರಲ್ಲಿ ಬರೆದಿತ್ತು. 1994ರ ಶರತ್ಕಾಲದಲ್ಲಿ ಅಮೆರಿಕದ 31 ಜನರ ತಂಡ ಬಂದು ಆರು ವಾರ ದಿನಕ್ಕೆ 12 ಗಂಟೆ ದುಡಿಯಿತು. ತೂಗಿ, ಡಬ್ಬಿಗೆ ತುಂಬಿ, ನವೆಂಬರಿನ ಹಿಮದಲ್ಲಿ ವಿಮಾನ ನಿಲ್ದಾಣಕ್ಕೆ ಸಾಗಿಸಿದರು. ದೈತ್ಯ ಸರಕು ವಿಮಾನಗಳಲ್ಲಿ ಅದು ಅಮೆರಿಕಕ್ಕೆ ಹೋಗಿ, ಅಲ್ಲಿಂದ ಟ್ರಕ್ಕುಗಳಲ್ಲಿ ಟೆನೆಸಿಯ ಓಕ್ ರಿಜ್ ಅಣು ಕೇಂದ್ರ ತಲುಪಿತು. ಕಾರ್ಯಾಚರಣೆಯ ಹೆಸರು 'ಸಫೈರ್'.

ಈಗ ಅದೇ ಕಾರ್ಖಾನೆಯ ಆವರಣದಲ್ಲಿ ಅಂತರರಾಷ್ಟ್ರೀಯ ಅಣುಶಕ್ತಿ ಸಂಸ್ಥೆಯ ಇಂಧನ ಬ್ಯಾಂಕ್ ಇದೆ. 2017ರಲ್ಲಿ ಉದ್ಘಾಟನೆಯಾಯಿತು, 2019ರಲ್ಲಿ 90 ಟನ್ ಕಡಿಮೆ ಸಮೃದ್ಧ ಯುರೇನಿಯಂ ಬಂತು. ಯಾವ ದೇಶಕ್ಕಾದರೂ ರಾಜಕೀಯ ಕಾರಣಕ್ಕೆ ವಿದ್ಯುತ್ ಸ್ಥಾವರದ ಇಂಧನ ಸಿಗದೇ ಹೋದರೆ ಇಲ್ಲಿಂದ ಕೊಡುತ್ತಾರೆ. ಹಾಗಿದ್ದರೆ ಪ್ರತಿ ದೇಶವೂ ಸ್ವಂತ ಸಮೃದ್ಧೀಕರಣ ಘಟಕ ಕಟ್ಟಬೇಕಿಲ್ಲ. ವಿದ್ಯುತ್ತಿಗೆ ಅಂತ ಕಟ್ಟಿದ ಅದೇ ಘಟಕ ಬಾಂಬಿನ ದಾರಿಯೂ ಆಗಬಲ್ಲದು, ಸಮಸ್ಯೆ ಅದೇ. ಹಣ ಕೊಟ್ಟವರ ಪಟ್ಟಿಯಲ್ಲಿ ಅಮೆರಿಕ, ಯುರೋಪಿಯನ್ ಒಕ್ಕೂಟ, ಕುವೈತ್, ಯುಎಇ, ನಾರ್ವೆ ಇವೆ. ಮೊದಲ ಐದು ಕೋಟಿ ಡಾಲರ್ ಬಂದದ್ದು ಉದ್ಯಮಿ ವಾರೆನ್ ಬಫೆಟ್ ಅವರ ಬೆಂಬಲದಿಂದ.

ಸೆಪ್ಟೆಂಬರ್ 1, ಆಸ್ತಾನಾ

ನಿನ್ನೆಯೆಲ್ಲ ಪ್ರಯಾಣದಲ್ಲೇ ಹೋಯಿತು. ಆಸ್ತಾನಾದ ಗಾಜಿನ ಗೋಪುರಗಳ ಬಗ್ಗೆ ಬರೆಯುವವರು ಬೇಕಾದಷ್ಟು ಜನ ಇದ್ದಾರೆ. ನಾನು ಬಂದದ್ದು ಒಬ್ಬ ಹುಡುಗಿಯನ್ನು ನೋಡಲು. ರೈಲಿನ ಅಜ್ಜಿಯ ಮೊಮ್ಮಗಳ ಗೆಳತಿ ಅವಳು, ಕಾನೂನು ಓದಿದವಳು. ಪರೀಕ್ಷಾ ಸಂತ್ರಸ್ತರ ಮೂರನೇ ತಲೆಮಾರು. ಗೋಡೆಯ ಮೇಲೆ ಕರಿಪ್‌ಬೆಕ್ ಕುಯುಕೊವ್ ಅವರ ಚಿತ್ರದ ಪ್ರತಿ ತೂಗುಹಾಕಿದ್ದಳು. ಎರಡೂ ತೋಳಿಲ್ಲದೆ ಪಾಲಿಗನ್ ಬಳಿಯ ಹಳ್ಳಿಯಲ್ಲಿ ಹುಟ್ಟಿದ ಕಲಾವಿದ ಅವರು. ಬಾಯಿಂದ, ಕಾಲಿಂದ ಬಣ್ಣ ಹಚ್ಚುತ್ತಾರೆ, ಪರೀಕ್ಷೆಗಳ ವಿರುದ್ಧ ಜಗತ್ತೆಲ್ಲ ತಿರುಗುತ್ತಾರೆ.

ಅವಳ ಕೆಲಸ ಅಣ್ವಸ್ತ್ರ ನಿಷೇಧ ಒಪ್ಪಂದದ ಆರು ಮತ್ತು ಏಳನೇ ವಿಧಿಯ ಮೇಲೆ. 2017ರ ಜುಲೈ 7ರಂದು ವಿಶ್ವಸಂಸ್ಥೆಯಲ್ಲಿ ಅಂಗೀಕಾರವಾದ ಆ ಒಪ್ಪಂದ 2021ರ ಜನವರಿ 22ರಿಂದ ಜಾರಿಯಲ್ಲಿದೆ. ಬಾಂಬು ಇಟ್ಟುಕೊಂಡ ಒಂದು ದೇಶವೂ ಸೇರಿಲ್ಲ. ಭಾರತವೂ ಇಲ್ಲ. ಸಂತ್ರಸ್ತರಿಗೆ ನೆರವು ಕೊಡಬೇಕು, ಕೆಟ್ಟ ನೆಲ ಸರಿಪಡಿಸಬೇಕು ಎಂದು ಆ ವಿಧಿಗಳು ಹೇಳುತ್ತವೆ. ಅದಕ್ಕೊಂದು ಅಂತರರಾಷ್ಟ್ರೀಯ ನಿಧಿ ಬೇಕು ಎಂದು ಕಜಕಿಸ್ತಾನ ಮತ್ತು ಪೆಸಿಫಿಕ್ ಸಾಗರದ ಪುಟ್ಟ ದೇಶ ಕಿರಿಬಾಟಿ ಒಟ್ಟಿಗೆ ದುಡಿಯುತ್ತಿವೆ. ಬ್ರಿಟನ್, ಅಮೆರಿಕ ಎರಡೂ ಕಿರಿಬಾಟಿಯ ದ್ವೀಪದಲ್ಲಿ ಬಾಂಬು ಸಿಡಿಸಿದ್ದವು. ಹುಲ್ಲುಗಾವಲಿನವರು, ಹವಳದ ದ್ವೀಪದವರು, ಇಬ್ಬರ ಮನೆಯಲ್ಲೂ ಒಂದೇ ಕಾಯಿಲೆ.

"ಭಾರತ ಯಾಕೆ ಹೊರಗಿದೆ ಮೇಡಂ?" ಅಂತ ಇಂಗ್ಲಿಷಿನಲ್ಲಿ ಕೇಳಿದಳು. ಗೊತ್ತಿದ್ದದ್ದನ್ನು ಹೇಳಿದೆ. 1954ರಲ್ಲಿ, ಪೆಸಿಫಿಕ್‌ನಲ್ಲಿ ಅಮೆರಿಕದ ಹೈಡ್ರೋಜನ್ ಬಾಂಬು ಸಿಡಿದ ತಿಂಗಳೊಪ್ಪತ್ತಿನಲ್ಲಿ, ಪರೀಕ್ಷೆ ನಿಲ್ಲಿಸಿ ಅಂತ ಲೋಕಕ್ಕೆ ಹೇಳಿದವರು ನಮ್ಮ ನೆಹರೂ. 1988ರಲ್ಲಿ ರಾಜೀವ್ ಗಾಂಧಿ ವಿಶ್ವಸಂಸ್ಥೆಯಲ್ಲಿ ಹಂತಹಂತವಾಗಿ 2010ರೊಳಗೆ ಎಲ್ಲ ಅಣ್ವಸ್ತ್ರ ತೊಲಗಿಸುವ ಯೋಜನೆ ಮಂಡಿಸಿದರು. ದೊಡ್ಡ ದೇಶಗಳು ತಮ್ಮದನ್ನು ಇಟ್ಟುಕೊಂಡು ಉಳಿದವರಿಗೆ ಬೇಡ ಅನ್ನುವುದು ಅನ್ಯಾಯ ಎಂಬ ನಮ್ಮ ತಕರಾರು ನ್ಯಾಯವಾದದ್ದೇ. 1998ರ ಮೇ ತಿಂಗಳ ಪೋಖ್ರಾನ್ ಆದ ಮೇಲೆ ನಾವು ಮತ್ತೆ ಪರೀಕ್ಷೆ ಮಾಡಿಲ್ಲ, ಮಾಡುವುದಿಲ್ಲ ಅಂತ ನಾವಾಗಿಯೇ ಹೇಳಿದ್ದೇವೆ. ಹಾಗಿದ್ದ ಮೇಲೆ ಪರೀಕ್ಷೆ ನಿಷೇಧಿಸುವ ಸಿಟಿಬಿಟಿಗಾದರೂ ಸಹಿ ಹಾಕಿ ಅದೇ ಮಾತನ್ನು ಕಾಗದದ ಮೇಲೆ ಬರೆಯಲು ಹಿಂಜರಿಯಬಾರದು ಅಂತ ನನ್ನ ಅಭಿಪ್ರಾಯ. ನಾವು ಸಹಿ ಹಾಕಿದರೆ ಪಾಕಿಸ್ತಾನಕ್ಕೆ ಒಂದು ನೆಪ ಕಡಿಮೆ. ನಾವೂ ಚೀನಾವೂ ಒಟ್ಟಿಗೆ ಒಪ್ಪುವ ದಾರಿ ಹುಡುಕಿದರೆ ಅಮೆರಿಕಕ್ಕೆ ಇನ್ನೊಂದು ನೆಪ ಕಡಿಮೆ. ಗೌರಿಬಿದನೂರಿನ ಉಪಕರಣಗಳ ದಾಖಲೆಯನ್ನು ಸಿಟಿಬಿಟಿಯ ಕಾವಲು ಜಾಲಕ್ಕೆ ಜೋಡಿಸಬಹುದು. ಅಳೆಯುವ ಕೆಲಸ ನಮಗೆ ಹೊಸದೇನಲ್ಲ.

ಅವಳು ಅಷ್ಟನ್ನೂ ಬರೆದುಕೊಂಡಳು. ಆಮೇಲೆ, "ಇದನ್ನು ನಿಮ್ಮ ಊರಿನಲ್ಲಿ ಯಾರಿಗೆ ಹೇಳಿದ್ದೀರಿ?" ಅಂದಳು. ಮಕ್ಕಳಿಗೆ ಹೇಳಿದ್ದೇನೆ ಅಂದೆ. ಮತ ಕೇಳಲು ಬರುವವರಿಗೂ ಹೇಳಬೇಕಲ್ಲ ಅಂದಳು. ಜಗತ್ತಿನಲ್ಲಿ ಈಗ ಸುಮಾರು 12 ಸಾವಿರ ಸಿಡಿತಲೆಗಳಿವೆ. 1980ರ ದಶಕದ ಮಧ್ಯದಲ್ಲಿ 70 ಸಾವಿರದ ಹತ್ತಿರ ಇದ್ದವು. ಅವು ಇಷ್ಟು ಇಳಿದದ್ದು ಜನ ಕೇಳಿದ್ದರಿಂದ, ದೇಶಗಳು ಕೂತು ಮಾತಾಡಿದ್ದರಿಂದ. ಆ ಹುಡುಗಿಯ ಮೇಜಿನ ಮೇಲೆಯೇ ಕೂತು ನಮ್ಮ ಸಂಸದರಿಗೆ ಕನ್ನಡದಲ್ಲಿ ಎರಡು ಪುಟದ ಪತ್ರ ಬರೆದೆ. ಪ್ರತಿಯನ್ನು ವಿದೇಶಾಂಗ ಸಚಿವಾಲಯಕ್ಕೂ ಕಳಿಸುತ್ತೇನೆ.